ತುಳುವಿನಲ್ಲಿ ಕೇಳಿದ ಪ್ರಶ್ನೆ

ಜುಲೈ ೯, ಬುಧವಾರ

ನಲವತ್ತರಲ್ಲಿ ಬ್ಯಾಂಕ್ ಬಿಟ್ಟು ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಓದಲು ಹೊರಟದ್ದು ಹುಚ್ಚೇ ಎಂದು ಬೆಳಗ್ಗೆಯೂ ಅನಿಸಿತ್ತು. ಓದಿನ ಭಾಗವಾಗಿ ವಾಮದಪದವು ಎಂಬ ಊರಿನಲ್ಲಿ ನಾನು ಮಾಡುತ್ತಿರುವ ಸಮೀಕ್ಷೆಯಲ್ಲಿ ಎಲ್ಲ ಮನೆಯವರೂ ನೀರು ಕುದಿಸಿಯೇ ಕುಡಿಯುತ್ತಾರಂತೆ. ಆದರೂ ಊರಿಡೀ ಕಾಮಾಲೆ.

ಇವತ್ತು ಹೋದ ಮನೆಯ ಸೇಸಮ್ಮನೂ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, “ಹೌದು ಮೇಡಂ, ಕುದಿಸಿ ಕುಡಿಯುತ್ತೇವೆ” ಎಂದರು, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ. ನನ್ನ ಕನ್ನಡವೂ ಬ್ಯಾಂಕ್ ಕೌಂಟರಿನದ್ದೇ ಇತ್ತಲ್ಲ! ಪೆನ್ನು ಮುಚ್ಚಿಟ್ಟು, ಅಮ್ಮನ ಹತ್ತಿರ ಮಾತಾಡುವ ತುಳುವಿನಲ್ಲಿ ಅದನ್ನೇ ಕೇಳಿದೆ. ಸೇಸಮ್ಮ ನಕ್ಕು ನನ್ನ ಪಕ್ಕ ಕುಳಿತರು.

“ಕುದಿಸಿದ ನೀರಿಗೆ ರುಚಿ ಉಂಟಾ ಮಾರಾಯ್ತಿ? ನಾವು ಬಾವಿಯದ್ದು ಹಾಗೆಯೇ ಕುಡಿಯುವುದು.”

ನಾಳೆಯಿಂದ ಎಲ್ಲ ಮನೆಗೂ ಪುನಃ ಹೋಗಬೇಕು. ಸೇಸಮ್ಮ ನೀರು ಕುದಿಸುವುದಿಲ್ಲ ಎಂದು ಗೊತ್ತಾದದ್ದಕ್ಕೆ ನಾನು ಇಷ್ಟು ಖುಷಿಪಡಬಾರದು, ಆದರೂ ಬ್ಯಾಂಕ್ ಬಿಟ್ಟದ್ದು ಹುಚ್ಚು ಎಂದು ಈಗ ಅನಿಸುತ್ತಿಲ್ಲ.