ಮೂವತ್ತೈದು ನಿಮಿಷ

3 ಸೆಪ್ಟೆಂಬರ್ 1978, ಭಾನುವಾರ. ಬಳ್ಳಾರಿ

ಇವತ್ತೂ ಮೂರು ಮನೆ ನೋಡಿದ್ದಾಯಿತು. ಮೂರೂ ಆಗಲಿಲ್ಲ. ದಲ್ಲಾಳಿ ಕೆಂಚಣ್ಣನ ಸೈಕಲ್ ಮುಂದೆ, ನನ್ನದು ಹಿಂದೆ. ವರ್ಗವಾಗಿ ಬಂದು ಮೂರು ತಿಂಗಳು, ಇನ್ನೂ ಸ್ಟೇಷನ್ ಹತ್ತಿರದ ಒಂಟಿ ರೂಮೇ ಗತಿ. ಸಂಸಾರ ಸಿರುಗುಪ್ಪದಲ್ಲಿ, ನಾನು ಇಲ್ಲಿ. ಶನಿವಾರದ ಬಸ್ಸಿಗೆ ಜೋತುಬೀಳುವುದೇ ಬದುಕಾಗಿದೆ.

ಗಾಂಧಿನಗರದ ಮನೆ ಚೆನ್ನಾಗಿತ್ತು. ಹೊಸ ಆರ್‌ಸಿಸಿ, ಒಳಗೇ ನಲ್ಲಿ. ಈಗ ಎಲ್ಲರಿಗೂ ಅದೇ ಬೇಕು, ಮಣ್ಣಿನ ಮಾಳಿಗೆ ಯಾರಿಗೂ ಬೇಡ ಅಂತಾನೆ ಕೆಂಚಣ್ಣ. ಮಾಲೀಕರು ಬೀಗದ ಕೈ ಹಿಡಿದುಕೊಂಡೇ ಕೇಳಿದರು.

"ಮನ್ಯಾಗ ಎಷ್ಟ್ ಮಂದಿರಿ?"

"ನಾಕು ಮಂದಿ. ನಾನು, ಮನಿಯಾಕಿ, ಮಗಳು, ನಮ್ಮವ್ವ."

"ಅವ್ವಾರು ಓಡಾಡ್ತಾರೇನ್ರಿ?"

ಹೌದು ಅಂದುಬಿಡಬಹುದಿತ್ತು. ಸುಳ್ಳು ನನಗೇನೂ ಹೊಸದಲ್ಲ. ಆದರೆ ಹಾಸಿಗೆ ಹಿಡಿದಿದ್ದಾಳೆ ಅಂದೆ. ಬೀಗದ ಕೈ ಸೀದಾ ಉಡಿದಾರಕ್ಕೆ ಹೋಯಿತು. "ತಪ್ಪು ತಿಳೀಬ್ಯಾಡ್ರಿ. ನಾಳಿ ನಕ್ಷತ್ರ ಕೆಟ್ಟಿತ್ತಂದ್ರ ಆರ್ ತಿಂಗ್ಳು ಮನಿ ಹಾಳ್ ಬೀಳತೈತಿ."

ಉಳಿದ ಎರಡು ಕಡೆಯೂ ಅದೇ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಹೆಣವನ್ನು ಬಾಗಿಲಿನಿಂದ ಒಯ್ಯುವಂತಿಲ್ಲ, ಗೋಡೆ ಒಡೆಯಬೇಕು. ಆಮೇಲೆ ಎಲ್ಲರೂ ಮನೆ ಬಿಟ್ಟು ಹೊರಡಬೇಕು. ನಕ್ಷತ್ರ ನೋಡಿ ಮೂರು ತಿಂಗಳೋ ಆರು ತಿಂಗಳೋ. ಬಿಡದಿದ್ದರೆ ವರ್ಷದೊಳಗೆ ಅದೇ ಮನೆಯಲ್ಲಿ ಇನ್ನೊಂದು ಸಾವು. ಲಿಂಗವಂತರಿಗೆ ಯಾವ ನಕ್ಷತ್ರ, ಯಾವ ಪಂಚಕ ಅಂತ ಮಠದಲ್ಲಿ ಕೇಳಿ ತಲೆ ಆಡಿಸುತ್ತೇವೆ. ಮನೆಗೆ ಬಂದು ಪಂಚಾಂಗ ನೋಡಲು ಐನೋರಿಗೆ ಹೇಳಿ ಕಳಿಸುತ್ತೇವೆ.

9 ಸೆಪ್ಟೆಂಬರ್, ಶನಿವಾರ. ಸಿರುಗುಪ್ಪ

ಅವ್ವನ ಕಾಲು ಇನ್ನೂ ಬಾತಿವೆ. ಡಾಕ್ಟರು ನನ್ನನ್ನು ಹೊರಗೆ ಕರೆದು ದೀಪಾವಳಿ ತನಕ ನೋಡೋಣ ಅಂದರು.

ಸಂಜೆ ಕೊಟ್ಟೂರಪ್ಪ ಬಂದು ಕಟ್ಟೆಯ ಮೇಲೆ ಕೂತ. ಮನೆ ಮಾಲೀಕ. ಮುಂದಿನ ಅರ್ಧ ಅವನದು, ಹಿಂದಿನ ಅರ್ಧ ನಮ್ಮ ಬಾಡಿಗೆ. ನಡುವೆ ಒಂದೇ ಗೋಡೆ. ನೆಲ ನೋಡಿಕೊಂಡು ಹೇಳಿದ.

"ಗವಿಸಿದ್ದಪ್ಪ, ಅವ್ವನ್ನ ಬಳ್ಳಾರಿಗಿ ಕರಕೊಂಡ್ ಹೋಗ್ರಿ. ನಾ ಹೊರಗ ಹಾಕಾಕತ್ತೀನಿ ಅನಕೋಬ್ಯಾಡ. ಈ ಮನ್ಯಾಗ ಇನ್ನೊಂದು ನೋಡಾಕ ನನ್ನ ಕೈಲೆ ಆಗಂಗಿಲ್ಲೋ ಮಾರಾಯ."

ಇನ್ನೊಂದು. ಮೊದಲನೆಯದು ನಮ್ಮಪ್ಪ. ಎರಡನೆಯದು ಕೊಟ್ಟೂರಪ್ಪನ ಹೆಂಡತಿ, ವಿರೂಪಮ್ಮ. ಇಪ್ಪತ್ತಾರು ವರ್ಷ. ಚೊಚ್ಚಲ ಹೆರಿಗೆ, ರಕ್ತ ನಿಲ್ಲಲಿಲ್ಲ, ಮಗುವೂ ಉಳಿಯಲಿಲ್ಲ. ಹೋದ ವರ್ಷ. ಅಪ್ಪ ಸತ್ತು ಹನ್ನೊಂದು ತಿಂಗಳಿಗೆ.

ಆಯಿತು ಅಂದೆ. ಅವನ ಮುಖ ನೋಡಲಿಲ್ಲ.

10 ಸೆಪ್ಟೆಂಬರ್, ಭಾನುವಾರ. ಸಿರುಗುಪ್ಪ

ಬರೆದೇಬಿಡುತ್ತೇನೆ. ಈ ಪುಸ್ತಕ ಓದುವವರಾದರೂ ಯಾರು? ಹೆಂಡತಿ ನಾಗಮ್ಮನಿಗೆ ನನ್ನ ಅಕ್ಷರ ಕಂಡರೆ ತಲೆನೋವು.

ಅಪ್ಪ ಹೋದದ್ದು ಎಪ್ಪತ್ತಾರರ ನೂಲಹುಣ್ಣಿಮೆಯ ಮರುದಿನ. ಹಾಸಿಗೆಯ ಪಕ್ಕ ನಾನು ಮತ್ತು ಅವ್ವ ಮಾತ್ರ. ಗಡಿಯಾರ ನೋಡಿದೆ, ಮಧ್ಯಾಹ್ನ 3.25. ಐನೋರು ಬಂದು ಪಂಚಾಂಗ ತೆಗೆದರು. "3.05ರ ತನಕ ಶ್ರವಣ ಐತಿ, ಚಿಂತಿಲ್ಲ. ಅಲ್ಲಿಂದ ಧನಿಷ್ಠಾ, ಆರು ತಿಂಗ್ಳು. ಎಷ್ಟೊತ್ತಿಗಿ ಹೋದ್ರು?"

ನಾಗಮ್ಮ ಒಳಗೆ ಹತ್ತು ದಿನದ ಬಾಣಂತಿ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಹೀಗೆ ಮನೆ ಬಿಟ್ಟವರನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ನಾವು ಹೊರಟರೆ ಮುಂದಿನ ಅರ್ಧವೂ ಖಾಲಿಯಾಗಬೇಕು, ಸೂರು ಒಂದೇ ಅಲ್ಲವೇ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೊಟ್ಟೂರಪ್ಪನೂ.

"ಎರಡೂ ಐವತ್ತಕ್ಕ" ಅಂದೆ.

ಮೂವತ್ತೈದು ನಿಮಿಷ. ಅಷ್ಟೇ. ಅವ್ವ ತಲೆ ಎತ್ತಿ ನೋಡಿದಳು. ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುವುದಕ್ಕೆ ಶುರು ಮಾಡಿದಳು. ಅಪ್ಪನನ್ನು ಬಾಗಿಲಿನಿಂದಲೇ ಹೊರಗೆ ಒಯ್ದೆವು.

ಆ ಬಾಣಂತನ ಮಾಡಿದವಳು ವಿರೂಪಮ್ಮ. ದಿನಾ ಮಧ್ಯಾಹ್ನ ಮೂರಕ್ಕೆ ಸೌಟಿನ ಹಿಡಿಯಿಂದ ಗೋಡೆ ಬಡಿಯುತ್ತಿದ್ದಳು. ಎರಡು ಸಲ ಬೇಗ, ಒಂದು ಸಲ ತಡೆದು. "ಅಕ್ಕಾ, ಕಷಾಯ ಆತು, ಬಟ್ಲ ಕಳಸ್ರಿ." ರಜೆಯ ದಿನ ಬಟ್ಟಲು ತರಲು ನಾನೇ ಹೋಗುತ್ತಿದ್ದೆ.

ಹೆರಿಗೆಯಲ್ಲಿ ಸಾಯುವವರು ಎಲ್ಲ ಊರಲ್ಲೂ ಇದ್ದಾರೆ. ನಕ್ಷತ್ರಕ್ಕೂ ರಕ್ತಕ್ಕೂ ಏನು ಸಂಬಂಧ? ಆಫೀಸಿನಲ್ಲಿ ಕೂತಾಗ ಇದೆಲ್ಲ ಸರಿ ಅನ್ನಿಸುತ್ತದೆ. ಆ ಗೋಡೆಯ ಪಕ್ಕ ಮಲಗಿದಾಗ ಅನ್ನಿಸುವುದಿಲ್ಲ. ಕೊಟ್ಟೂರಪ್ಪನಿಗೂ ವಿರೂಪಮ್ಮನಿಗೂ ಗೊತ್ತಿರಬೇಕಾದದ್ದನ್ನು ಮುಚ್ಚಿಟ್ಟೆ. ಮನೆ ಬಿಡಬೇಕೋ ಬೇಡವೋ ಅಂತ ಯೋಚಿಸುವ ಅವಕಾಶವನ್ನೂ ಕೊಡಲಿಲ್ಲ.

1 ಅಕ್ಟೋಬರ್, ಭಾನುವಾರ. ಬಳ್ಳಾರಿ

ಹಿಂದಿನದನ್ನು ಬರೆದ ಮೇಲೆ ಮೂರು ವಾರ ಪುಸ್ತಕ ಮುಟ್ಟಲಿಲ್ಲ. ಟ್ರಂಕಿನ ತಳಕ್ಕೆ ಹಾಕಿ ಮೇಲೆ ಪಂಚೆ ಮುಚ್ಚಿದ್ದೆ.

ತೀರ್ಮಾನ ಮಾಡಿದೆ. ಬಾಡಿಗೆ ಬೇಡ, ಕೊಳ್ಳುವುದೇ. ಅವ್ವನ ತಲೆದೆಸೆಯಲ್ಲಿ ಇನ್ನೊಬ್ಬ ಮಾಲೀಕ ಗಡಿಯಾರ ಹಿಡಿದು ನಿಲ್ಲಬಾರದು. ಕೆಂಚಣ್ಣನಿಗೆ ಹೇಳಿದಾಗ ಬೀಡಿ ಬಿಸಾಕಿ ನಕ್ಕ. "ಇದನ್ನ ಮೊದ್ಲ ಹೇಳಬಾರ್ದಾ ಸಾರ್? ಸೈಕಲ್ ಟೈರ್ ಸವದೋತು."

ಕಂಟೋನ್ಮೆಂಟ್ ಕಡೆಯದು ನಮ್ಮಂಥವರಿಗಲ್ಲ. ಬಂಗಲೆಯ ಜಗಲಿಯಲ್ಲೇ ನಮ್ಮ ಮನೆ ಕೂರುತ್ತದೆ. ಸತ್ಯನಾರಾಯಣಪೇಟೆಯ ಒಂದು ಹಳೇ ಮನೆ ಹಿಡಿಸಿತು. ಕಡಪ ಕಲ್ಲಿನ ನೆಲ, ಹಿತ್ತಲಲ್ಲಿ ಬೇವಿನ ಮರ. ನಡುಮನೆ ತಂಪಾಗಿದೆ, ಅವ್ವನಿಗೆ ಸರಿ.

ಹಿಂದಿನ ಗೋಡೆಯಲ್ಲಿ ಬಾಗಿಲಿನಷ್ಟು ಅಗಲದ ತೇಪೆ. ಸುಣ್ಣ ಬಳಿದರೂ ಅಂಚು ಎದ್ದು ಕಾಣುತ್ತದೆ. ಇದೇನು ಅಂದೆ.

"ಹಳೇ ಬೀರು ಇತ್ತ್ ಸಾರ್, ಮುಚ್ಯಾರ."

ಕೆಂಚಣ್ಣನೂ ನನ್ನ ಜಾತಿಯವನೇ, ಸುಳ್ಳಿನ ವಿಷಯದಲ್ಲಿ. ಮನೆಯವರನ್ನು ನಾನೇ ಕಂಡು ಮಾತಾಡುತ್ತೇನೆ ಅಂದೆ. ಕುರುಗೋಡಿನಲ್ಲಿದ್ದಾರಂತೆ.

8 ಅಕ್ಟೋಬರ್, ಭಾನುವಾರ

ಕುರುಗೋಡಿಗೆ ಹೋಗಿ ಬಂದೆ.

ಮನೆಯ ಒಡತಿ ಪಾರಮ್ಮ. ಐವತ್ತರ ಹತ್ತಿರ. ಗುಡ್ಡದ ಬುಡದಲ್ಲಿ ಸಂಬಂಧಿಕರ ಹಿತ್ತಲಿನ ಒಂದು ಖೋಲಿಯಲ್ಲಿ ಗಂಡ ಹೆಂಡತಿ ಇದ್ದಾರೆ. ಮಜ್ಜಿಗೆ ಕೊಟ್ಟರು. ತೇಪೆಯ ಮಾತು ನಾನು ಎತ್ತುವ ಮೊದಲು ಅವರೇ ಎತ್ತಿದರು.

"ಕೆಂಚಣ್ಣ ಏನ್ ಹೇಳ್ಯಾನೋ ಗೊತ್ತಿಲ್ಲ. ನಾನಂತೂ ಮುಚ್ಚಿಡಂಗಿಲ್ರಿ. ನಮ್ಮತ್ತಿ ಸತ್ತದ್ದು ಧನಿಷ್ಠಾದಾಗ. ಅಲ್ಲೇ ಗೋಡಿ ಒಡದು ತಗದ್ವಿ. ಆರು ತಿಂಗ್ಳು ಬೀಗ ಹಾಕಿ, ಆಮ್ಯಾಲ ಶಾಂತಿ ಮಾಡ್ಸೀವಿ. ಮನಿ ಶುದ್ಧ ಐತಿ."

"ಎಷ್ಟೊತ್ತಿಗಿ ಹೋಗಿದ್ರು?" ಯಾಕೆ ಕೇಳಿದೆನೋ.

"ನಕ್ಷತ್ರ ಹಿಡದು ಹತ್ತ್ ನಿಮಿಷ ಆಗಿತ್ತ್ ನೋಡ್ರಿ, ಬರೇ ಹತ್ತ್ ನಿಮಿಷ! ನಾ ಒಬ್ಬಾಕಿನ ಇದ್ದೆ ಹತ್ರ. ನಮ್ಮನಿಯವರು ಅಂದ್ರು, ಮೊದ್ಲ ಹೋದ್ಲು ಅನ್ನು, ಊರು ಬಿಟ್ರ ನಮ್ಮ ಅಂಗಡಿ ಕೆಡತೈತಿ ಅಂತ. ಅಂಗಡಿ ಕೆಟ್ಟೂ ಕೆಟ್ಟಿತು. ಗಿರಾಕಿ ಒಮ್ಮೆ ಹೋದ್ರ ಬರ್ತಾರೇನ್ರಿ? ಅದಕ್ಕ ಮಾರಾಕತ್ತೀವಿ."

"ಹಂಗ ಅಂದಿದ್ರ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಪಾರಮ್ಮ ನನ್ನನ್ನೇ ನೋಡಿದರು. "ನನಗ ಗೊತ್ತಿರ್ತಿತ್ತಲ್ರಿ."

ಹತ್ತು ನಿಮಿಷಕ್ಕಾಗಿ ಈಕೆ ಮನೆ, ಅಂಗಡಿ, ಊರು ಎಲ್ಲ ಬಿಟ್ಟರು. ಮೂವತ್ತೈದು ನಿಮಿಷ ನುಂಗಿದ ನಾನು ಆ ಮನೆ ಕೊಳ್ಳಲು ಬಂದಿದ್ದೇನೆ. ಅವ್ವ ಹಾಸಿಗೆ ಹಿಡಿದಿರುವುದನ್ನೂ ಹೇಳಿ, ವ್ಯಾಪಾರ ಆಗಲಿ ಅಂತ ವೀಳ್ಯ ತೆಗೆದುಕೊಂಡೆ. ಹೊರಡುವಾಗ ಆಕೆ ಬಾಗಿಲ ತನಕ ಬಂದು, "ಅವ್ವಾರಿಗಿ ಏನರ ಹೆಚ್ಚು ಕಡಿಮಿ ಆಗಿ ಮನಿ ಬಿಡೂ ಹೊತ್ತು ಬಂತಂದ್ರ ಇಲ್ಲಿಗಿ ಬರ್ರಿ. ನಾವು ಒಳಮನ್ಯಾಗ ಇರ್ತೀವಿ, ಈ ಖೋಲಿ ಕೊಡ್ತೀವಿ" ಅಂದರು.

2 ನವೆಂಬರ್, ಗುರುವಾರ. ಸತ್ಯನಾರಾಯಣಪೇಟೆ

ನಿನ್ನೆ ಪಾಡ್ಯ, ಹಾಲು ಉಕ್ಕಿಸಿದೆವು. ಅವ್ವನನ್ನು ಲಾರಿಯ ಮುಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿ ತಂದೆ. ಸಿರುಗುಪ್ಪದಲ್ಲಿ ಲಾರಿ ಹೊರಟಾಗ ಕೊಟ್ಟೂರಪ್ಪ ಅವಳ ಕಾಲು ಮುಟ್ಟಿ ಅತ್ತ. ಹೇಳಬೇಕೆಂದಿದ್ದೆ. ಡ್ರೈವರ್ ಹಾರ್ನ್ ಹೊಡೆದ. ನೆಪ ಸಿಕ್ಕಿತು, ಹತ್ತಿ ಕೂತೆ.

ನಾಗಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಮೂರು ಸಲ ಹೊಸ್ತಿಲು ತೊಳೆದಳು. "ನಮ್ಮನಿ" ಅಂತ ಮಗಳಿಗೆ ಹೇಳಿಕೊಡುತ್ತಿದ್ದಾಳೆ. ಅವ್ವನ ಹಾಸಿಗೆ ಬಿದ್ದಿರುವುದು ತೇಪೆಯ ಗೋಡೆಗೇ. ತಂಪು ಅಲ್ಲೇ.

19 ನವೆಂಬರ್, ಭಾನುವಾರ

ಮಧ್ಯಾಹ್ನ ಪೇಪರ್ ಓದುತ್ತಾ ಕೂತಿದ್ದೆ. ಅವ್ವ ಕಣ್ಣು ಮುಚ್ಚಿಕೊಂಡೇ ಅಂದಳು, "ಹೋಗೋ, ಬಟ್ಲ ತಗೊಂಡು ಹೋಗು. ವಿರೂಪಿ ಗೋಡಿ ಬಡಿಯಾಕತ್ತಾಳ."

ಆ ಗೋಡೆಯ ಆಚೆ ಮನೆಯಿಲ್ಲ. ಬೇವಿನ ಮರ, ಬಚ್ಚಲ ನೀರಿನ ಮೋರಿ, ಅಷ್ಟೇ. ಎದ್ದು ಹೋಗಿ ನೋಡಿದೆ. ಯಾರೂ ಇಲ್ಲ. ಒಳಗೆ ಬಂದು ಗಡಿಯಾರ ನೋಡಿದರೆ ಮೂರು.

ಮುದುಕಿಗೆ ಭ್ರಮೆ ಅಂದುಕೊಂಡೆ. ನಾಗಮ್ಮನಿಗೆ ಹೇಳಲಿಲ್ಲ.

22 ನವೆಂಬರ್

ಆಫೀಸಿನಿಂದ ಊಟಕ್ಕೆ ಬಂದವನು ಮೂರರ ತನಕ ಉಳಿದೆ. ಬೇಕೆಂದೇ. ಗೋಡೆಗೆ ಕಿವಿ ಕೊಟ್ಟೆ.

ಎರಡು ಸಲ ಬೇಗ… ಒಂದು ಸಲ ತಡೆದು.

ಹಲ್ಲಿ ಇರಬಹುದು. ಸುಣ್ಣ ಒಣಗುವ ಸದ್ದಿರಬಹುದು. ಮತ್ತೆ ಆಫೀಸಿಗೆ ಹೋಗಲಿಲ್ಲ. ಹೆದರಿಕೆ ಆಯಿತು. ಬರೆಯಲು ನಾಚಿಕೆ ಏನು, ಬಹಳ ಹೆದರಿಕೆ ಆಯಿತು.

26 ನವೆಂಬರ್, ಭಾನುವಾರ

ಅವ್ವ ಇವತ್ತು ನಿಚ್ಚಳವಾಗಿದ್ದಳು. ನಾಗಮ್ಮ ನೀರಿಗೆ ಹೋದಾಗ ನನ್ನ ಕೈ ಹಿಡಿದಳು.

"ಅವತ್ತ ನಾನೂ ಗಡಿಯಾರ ನೋಡಿದ್ನೆಪ್ಪ."

ಎರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಈ ಮಾತು ಬಂದಿರಲಿಲ್ಲ.

"ಬಾಣಂತಿ, ಕೂಸು, ಮಳಿ. ನಾನೂ ಬಾಯಿ ಮುಚ್ಚಿಗೊಂಡು ಕುಂತೆ. ನಿನಗ ಒಬ್ಬವಗ ಯಾಕ ಪಾಪ? ಆದ್ರ ಆ ಹುಡುಗಿ ಕಷಾಯ ಕುದಿಸಿ ಕೊಟ್ಳೋ…"

"ಅವ್ವಾ, ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಇರವಲ್ದು ಬಿಡು. ಸಂಬಂಧ ಇಲ್ಲಂದ್ರ ಹೇಳಾಕ ಯಾಕ ಅಂಜತಿ?" ಉಸಿರು ತೆಗೆದುಕೊಂಡು ಮತ್ತೆ ಅಂದಳು. "ನಾ ಹೋದಾಗ ಖರೇ ಹೊತ್ತು ಹೇಳು. ಕೊಟ್ಟೂರಪ್ಪಗ ಹೇಳಿ ಕಳಸು. ನನ್ ಮುಂದ ಅವಗ ನಿಮ್ಮಪ್ಪನ ಹೊತ್ತೂ ಹೇಳು."

ತೇಪೆಯ ಕಡೆ ತಿರುಗಿ ಮಲಗಿದಳು. ಅಡುಗೆಮನೆಗೆ ಹೋಗಿ ಅತ್ತೆ.

4 ಡಿಸೆಂಬರ್, ಸೋಮವಾರ

ಕೊಟ್ಟೂರಪ್ಪ ಮಧ್ಯಾಹ್ನದ ಬಸ್ಸಿಗೆ ಬಂದ. ಸೊರಗಿದ್ದಾನೆ. ಅವ್ವ ಅವನ ಕೈ ಹಿಡಿದುಕೊಂಡು ನನ್ನನ್ನು ನೋಡಿದಳು. "ಕೊಟ್ಟೂರಪ್ಪ…" ಅಂತ ಶುರು ಮಾಡಿದೆ. ಅವನು ತಿರುಗಿದ. "ಚಾ ಕುಡೀತಿ?" ಅಂದೆ. ಅವ್ವ ಕಣ್ಣು ಮುಚ್ಚಿದಳು. ಕೊಟ್ಟೂರಪ್ಪ ರಾತ್ರಿಗೆ ಇಲ್ಲೇ ಉಳಿದ.

ಬೀದಿಯ ಐನೋರು ಸಂಜೆ ಪಂಚಾಂಗ ನೋಡಿದರು. ನಾಳೆ 12.40ರ ತನಕ ಶ್ರವಣ. ಆಮೇಲೆ ಧನಿಷ್ಠಾ.

5 ಡಿಸೆಂಬರ್, ಮಂಗಳವಾರ. ಬೆಳಿಗ್ಗೆ 11.30

ರಜೆ ಹಾಕಿದ್ದೇನೆ. ಅವ್ವನ ಉಸಿರು ತಡೆದು ತಡೆದು ಬರುತ್ತಿದೆ. ಹೋಗುವುದಾದರೆ ಬೇಗ ಹೋಗಲಿ ಅಂತ ಗಡಿಯಾರ ನೋಡುತ್ತಿದ್ದೇನೆ. ಹೆತ್ತವಳ ಸಾವಿಗೆ ಮಗ ಅವಸರ ಮಾಡುವುದೇ? ಥೂ.

12.40

ಇನ್ನೂ ಇದ್ದಾಳೆ. ನಾಗಮ್ಮ ನನ್ನ ಮುಖ ನೋಡಿದಳು. ಅವಳಿಗೂ ಲೆಕ್ಕ ಗೊತ್ತು. ಮನೆಗೆ ಬಂದು ಇನ್ನೂ ಐದು ವಾರ ತುಂಬಿಲ್ಲ.

2.50

ಅವ್ವ ಹೋದಳು. 1.10ಕ್ಕೆ.

ನಾಗಮ್ಮ ನನ್ನ ತೋಳು ಹಿಡಿದು ಕಿವಿಯಲ್ಲಿ ಅಂದಳು, "ಹನ್ನೆರಡೂವರಿ ಅನ್ರಿ. ನಿಮ್ಮ ಕೈ ಮುಗೀತೀನಿ, ಹನ್ನೆರಡೂವರಿ ಅನ್ರಿ." ಅವಳದೇನು ತಪ್ಪು? ನನ್ನಿಂದ ಕಲಿತಳೋ, ಎಲ್ಲ ಹೆಂಗಸರಿಗೂ ಸೂರು ಅಂದರೆ ಹೀಗೇನೋ. ಐನೋರು ಕೇಳಿದರು. ಒಂದೂ ಹತ್ತು ಅಂದೆ. ಜೋರಾಗಿಯೇ ಅಂದೆ, ಬೀದಿಗೆ ಕೇಳುವಷ್ಟು. ನಾಗಮ್ಮ ನನ್ನ ತೋಳು ಬಿಟ್ಟು ಹೋಗಿ ಹೊಸ್ತಿಲ ಮೇಲೆ ಕೂತಳು.

ನಾಡಿದ್ದು ಕುರುಗೋಡಿಗೆ. ಪಾರಮ್ಮನ ಖೋಲಿಗೆ ಹೇಳಿ ಕಳಿಸಿದ್ದೇನೆ.

ದುರುಗಣ್ಣ ಅನ್ನುವ ಗೌಂಡಿ ಹಾರೆ ತಂದಿದ್ದಾನೆ. ಪಾರಮ್ಮನ ಅತ್ತೆಯನ್ನು ತೆಗೆದ ಜಾಗದಲ್ಲೇ ಒಡೆಯುವುದು. ಒಡೆಯುವ ಮುಂಚೆ ಗೋಡೆ ಎಲ್ಲಿ ಟೊಳ್ಳಾಗಿದೆ ಅಂತ ತಟ್ಟಿ ನೋಡುತ್ತಿದ್ದಾನೆ. ಎರಡು ಸಲ ಬೇಗ. ಒಂದು ಸಲ ತಡೆದು.

ಕೊಟ್ಟೂರಪ್ಪ ತಟ್ಟನೆ ತಲೆ ಎತ್ತಿದ್ದನ್ನು ಇಲ್ಲಿಂದ ನೋಡಿದೆ. ಅವನಿಗೂ ಆ ಸದ್ದು ಗೊತ್ತು. ಎದ್ದು ನಿಂತು ಗೋಡೆಯನ್ನೇ ನೋಡುತ್ತಿದ್ದಾನೆ. ಕಣ್ಣಲ್ಲಿ ನೀರು ಸುರಿಯುತ್ತಿದೆ. ಅವ್ವ ಇನ್ನೂ ಒಳಗೇ ಇದ್ದಾಳೆ, ಕೂರಿಸಿದ್ದಾರೆ. ಅವಳ ಮುಂದೆಯೇ ಆಗಬೇಕು.

ಮೊದಲು ಇಲ್ಲಿ ಬರೆದುಕೊಂಡು ಹೋಗುತ್ತೇನೆ, ಬಾಯಿ ಮತ್ತೆ ಚಹಾದ ಕಡೆ ಹೊರಳಬಾರದು. ಹೋಗಿ ಅವನ ಎದುರು ನಿಲ್ಲುವುದು. ಹೇಳುವುದು ಇಷ್ಟೇ: ಕೊಟ್ಟೂರಪ್ಪ, ನಮ್ಮಪ್ಪ ಹೋದದ್ದು ಎರಡೂ ಐವತ್ತಕ್ಕಲ್ಲ,