ಮೈಗಳ್ಳನ ರಕ್ತ

೧೨ ಜುಲೈ ೧೯೬೪, ಭಾನುವಾರ. ಜಯನಗರ

ಬೆಳಿಗ್ಗೆ ಹತ್ತು. ಅಕ್ಕಿ ಆರಿಸುತ್ತಿದ್ದೆ. ತಮ್ಮ ಜಯಸಿಂಹ ಕಾಲೇಜಿನ ಎನ್‌.ಸಿ.ಸಿ. ಪೆರೇಡಿನಿಂದ ಬಂದ. ಬಂದದ್ದೇನು, ಇಬ್ಬರು ಗೆಳೆಯರು ಜಟಕಾದಲ್ಲಿ ತಂದು ಇಳಿಸಿದರು. ತೊಡೆ ಕಲ್ಲಿನಂತೆ ಬಿಗಿದಿದೆ. ಮುಟ್ಟಿದರೆ ಕಿರುಚುತ್ತಾನೆ. ಹಿಂದೆ ಬಿದ್ದನೆಂದು ಆಫೀಸರ್ ರೈಫಲ್ ಹೊರಿಸಿ ಮೈದಾನಕ್ಕೆ ನಾಲ್ಕು ಸುತ್ತು ಓಡಿಸಿದರಂತೆ. ಎಲ್ಲರೆದುರು ‘ಮೈಗಳ್ಳ’ ಅಂದರಂತೆ.

ಅಪ್ಪನೂ ಸೇರಿಕೊಂಡರು. “ಹದಿನೆಂಟು ವರ್ಷದ ಗಂಡು! ನಾಚಿಕೆ ಆಗಲ್ವೇನೋ?”

ಚಿಕ್ಕಂದಿನಿಂದ ಹೀಗೇ. ಬಸ್ಸಿಗೆ ಓಡಿದರೆ ಅರ್ಧಕ್ಕೇ ನಿಲ್ಲುತ್ತಾನೆ. ಏಕೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಥೂ...

೧೩ ಜುಲೈ

ಅವನ ಮೂತ್ರ ಡಿಕಾಕ್ಷನ್ ಬಣ್ಣ. ಸೀಸೆಯಲ್ಲಿ ಹಿಡಿದು ನಮ್ಮ ಮೆಡಿಕಲ್ ಕಾಲೇಜಿಗೆ ಒಯ್ದೆ. ಮೈಕ್ರೋಸ್ಕೋಪಿನಲ್ಲಿ ರಕ್ತಕಣವಿಲ್ಲ. ಸ್ನಾಯು ಒಡೆದು ಬಂದ ಬಣ್ಣವೇ ಇರಬೇಕು.

ಪ್ರೊಫೆಸರ್ ಸಿದ್ದಲಿಂಗಯ್ಯ ನೋಡಲೇ ಇಲ್ಲ. “ಬಿಸಿಲು ಕಣ್ರೀ ಅಲಮೇಲು. ನೀರು ಕುಡಿಸಿ.”

ಜುಲೈನಲ್ಲಿ ಎಂಥ ಬಿಸಿಲು! ಐದು ವರ್ಷದಿಂದ ಇಲ್ಲಿ ಡೆಮಾನ್‌ಸ್ಟ್ರೇಟರ್. ಇದನ್ನೇ ಪಾಠ ಮಾಡುತ್ತೇನೆ: ಉಂಡ ಸಕ್ಕರೆ ಗ್ಲೈಕೊಜೆನ್ ಆಗಿ ಲಿವರಿನಲ್ಲೂ ಸ್ನಾಯುವಿನಲ್ಲೂ ಕೂಡುತ್ತದೆ. ಲಿವರಿನದು ಇಡೀ ಮೈಗೆ. ಸ್ನಾಯುವಿನದು ಆ ಸ್ನಾಯುವಿಗೆ ಮಾತ್ರ. ಓಡುವಾಗ ಫಾಸ್ಫೊರಿಲೇಸ್ ಎಂಬ ಕಿಣ್ವ ಅದನ್ನು ಒಡೆದುಕೊಡಬೇಕು. ಕಿಣ್ವವೇ ಇಲ್ಲದವರಿದ್ದಾರೆಂದು ಲೈಬ್ರರಿಯ ಜರ್ನಲ್‌ನಲ್ಲಿ ಓದಿದ್ದೆ. ಅಂಥವರಲ್ಲಿ ಕೂಡಿಟ್ಟದ್ದೆಲ್ಲ ಹಾಗೇ ಉಳಿಯುತ್ತದೆ, ಸ್ನಾಯು ಉಪವಾಸ ಬೀಳುತ್ತದೆ.

೨೧ ಜುಲೈ

ಜಯಸಿಂಹನ ಕಾಲೇಜಿನಿಂದ ಕಾಗದ. ಪೆರೇಡ್ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ. ಎನ್‌.ಸಿ.ಸಿ. ಆಫೀಸರ್ ಷರಾ ಬರೆದಿದ್ದಾರೆ: ‘ನಟನೆ.’ ಹರಿದು ಎಸೆಯಬೇಕೆನಿಸಿತು. ಎಸೆಯಲಿಲ್ಲ. ಬೇಕಾಗುತ್ತದೆ.

೨೪ ಜುಲೈ

ಪರೀಕ್ಷೆ ಮಾಡಿಯೇಬಿಟ್ಟೆ. ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ರಕ್ತ ತಡೆದು, ಒಂದು ನಿಮಿಷ ಮುಷ್ಟಿ ಹಿಚುಕುವುದು. ಸ್ನಾಯು ಗ್ಲೈಕೊಜೆನ್ ಒಡೆದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರಲೇಬೇಕು. ಮೊದಲು ನನ್ನ ತೋಳು: ಒಂಬತ್ತು ಮಿಲಿಗ್ರಾಂ ಇದ್ದದ್ದು ಮೂವತ್ತೊಂದಾಯಿತು.

ಆಮೇಲೆ ಜಯಸಿಂಹನದು. ಅರ್ಧ ನಿಮಿಷಕ್ಕೇ ಬೆರಳು ಮಡಚಿಕೊಂಡವು. “ಅಕ್ಕ, ಬಿಚ್ಚೋಕಾಗ್ತಿಲ್ಲ...” ಪ್ರೊಫೆಸರ್ ಅಲ್ಲೇ ನಿಂತಿದ್ದರು, ನಾನೇ ಹಟ ಹಿಡಿದು ಕರೆದಿದ್ದೆ. ಮೊದಲು ಒಂಬತ್ತು. ಆಮೇಲೂ ಒಂಬತ್ತು.

“ಇನ್ನೊಂದ್ಸಲ ನೋಡಿ.”

ನೋಡಿದೆ. ಒಂಬತ್ತೇ.

ಪ್ರೊಫೆಸರ್ ಪೆನ್ನು ತೆಗೆದರು. “ನಾನು ಬಿಸಿಲು ಅಂದ್ಬಿಟ್ಟೆ,” ಅಂದರು. ಕಾಲೇಜಿಗೆ ಪತ್ರವನ್ನು ತಾವೇ ಬರೆದುಕೊಟ್ಟರು.

೨೭ ಜುಲೈ

ಪ್ರಿನ್ಸಿಪಾಲರ ಕೋಣೆ. ಆಫೀಸರ್ ಪತ್ರದ ಮೇಲೆ ಕಣ್ಣಾಡಿಸಿ ನಕ್ಕರು. “ಮೇಡಂ, ಸರ್ಟಿಫಿಕೇಟ್ ಯಾರು ಬೇಕಾದ್ರೂ ತರ್ತಾರೆ.”

“ನಾನು ಎರಡು ಸಲ ರಕ್ತ ಪರೀಕ್ಷೆ ಮಾಡ್ದೆ ಸಾರ್. ಮೈಗಳ್ಳ ಅಂತ ನೀವು ಯಾವ ಲ್ಯಾಬಲ್ಲಿ ಟೆಸ್ಟ್ ಮಾಡಿದ್ರಿ?”

ಪ್ರಿನ್ಸಿಪಾಲರು ಪತ್ರವನ್ನು ಎರಡು ಸಲ ಓದಿ ವಿನಾಯಿತಿಗೆ ಸಹಿ ಹಾಕಿದರು. ಪರೀಕ್ಷೆಗೆ ಕೂರಬಹುದು. ಆಫೀಸರ್ ತಪ್ಪಾಯಿತು ಅನ್ನಲಿಲ್ಲ. ಟೋಪಿ ಎತ್ತಿಕೊಂಡು ಹೊರಟೇ ಹೋದರು.

ಮದ್ದಿಲ್ಲ ಎಂದು ಜಯಸಿಂಹನಿಗೆ ಹೇಳಿದೆ. ನಿಧಾನವೇ ಮದ್ದು. “ಕಾಯಿಲೆ ಅಂತಾದ್ರೂ ಗೊತ್ತಾಯ್ತಲ್ಲ,” ಅಂದ. ಅತ್ತುಬಿಟ್ಟ.

೯ ಆಗಸ್ಟ್, ಸಂಜೆ

ಮೂವರೂ ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ. ಹತ್ತು ಮೆಟ್ಟಿಲು ಹತ್ತಿರಲಿಲ್ಲ, ಅಪ್ಪ ಕೂತುಬಿಟ್ಟರು. “ನಂಗೆ ಸುಸ್ತು ಕಣೋ. ಕೂತ್ಕೋ ನೀನೂ.”

ಸುಸ್ತೂ ಇಲ್ಲ, ಏನೂ ಇಲ್ಲ. ಉಸಿರು ಸಹ ಏರಿರಲಿಲ್ಲ. ಜಯಸಿಂಹನ ಮೊಣಕಾಲ ಮೇಲೆ ಕೈಯಿಟ್ಟು ಊರು ನೋಡುತ್ತ ಕೂತರು. ಇಷ್ಟು ವರ್ಷ ಬೈದವರು! ಇಷ್ಟಕ್ಕೇ ಕ್ಷಮಿಸಬಾರದು ಅಂದುಕೊಂಡೆ. ಆದರೆ ಅಪ್ಪ ಮತ್ತೆ ಇಪ್ಪತ್ತನೇ ಮೆಟ್ಟಿಲಲ್ಲೂ ಸುಸ್ತು ಅಂತ ಕೂತರು.