ಅಕ್ಕನನ್ನು ಕೇಳದೆ ತುಂಬಿದ ಫಾರಂ

ಮಂಗಳವಾರ, ನವೆಂಬರ್ 12

ಆ ಮಾತ್ರೆಯ ಸ್ಟ್ರಿಪ್ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಕನ್ನಡಕ ತಂದುಕೊಡು ಎಂದಳು. ಅವಳ ಬ್ಯಾಗಿಗೆ ಕೈ ಹಾಕಿದರೆ ಸಿಕ್ಕಿದ್ದು ಅಸಿಡಿಟಿ ಮಾತ್ರೆ, ಅರ್ಧ ಖಾಲಿ.

"ಇದು ಯಾವಾಗಿಂದ?"

"ಆರು ತಿಂಗಳಾಯ್ತು ಕಣೋ, ದಿನಾ ಬೆಳಗ್ಗೆ ಒಂದು. ಅದಿರ್ಲಿ ಬಿಡು, ರಿಪೋರ್ಟು ಚೆನ್ನಾಗೇ ಬಂತಲ್ಲ."

ಹತ್ತೊಂಬತ್ತು ವರ್ಷದಿಂದ ಲ್ಯಾಬಿನಲ್ಲಿ ಜನರ ಕೈಲಿ ಚೀಲದೊಳಗೆ ಉಸಿರು ಊದಿಸುತ್ತಿದ್ದೇನೆ. ಹೊಟ್ಟೆಯಲ್ಲಿ ಹುಣ್ಣು ಮಾಡುವ ಒಂದು ಬ್ಯಾಕ್ಟೀರಿಯಾ ಇದ್ದರೆ ಉಸಿರಿನಲ್ಲಿ ಗೊತ್ತಾಗುತ್ತದೆ. ಆದರೆ ಈ ಮಾತ್ರೆ ನುಂಗುತ್ತಿದ್ದರೆ ಅದು ಸಿಕ್ಕಿಬೀಳದೆ ಅಡಗಿ ಕೂರಬಹುದು. ಪರೀಕ್ಷೆಗೆ ಎರಡು ವಾರ ಮೊದಲೇ ಮಾತ್ರೆ ನಿಲ್ಲಿಸಿರಬೇಕು. ಬಂದವರನ್ನೆಲ್ಲ ಎರಡೆರಡು ಸಲ ಕೇಳುತ್ತೇನೆ. ಅಕ್ಕನನ್ನು ಕೇಳಲಿಲ್ಲ. ಹೋದ ವಾರ ಅವಳು ಪರೀಕ್ಷೆಗೆ ಬಂದಾಗ ಸಾಲು ತಪ್ಪಿಸಿ ಒಳಗೆ ಕರೆದುಕೊಂಡು, ಅವಳ ಫಾರಂ ನಾನೇ ತುಂಬಿದೆ. ಮಾತ್ರೆ ಎಂಬಲ್ಲಿ 'ಇಲ್ಲ' ಎಂದು ಬರೆದೆ. ಅಕ್ಕನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಜಂಬ.

ಅಮ್ಮನ ಹೊಟ್ಟೆಯಲ್ಲೂ ಅದೇ ಬ್ಯಾಕ್ಟೀರಿಯಾ ಇತ್ತು. ಅದು ಇದ್ದವರಿಗೆಲ್ಲ ಕ್ಯಾನ್ಸರ್ ಆಗುವುದಿಲ್ಲ ಎಂದು ದಿನಾ ಹತ್ತು ಜನಕ್ಕೆ ಧೈರ್ಯ ಹೇಳುತ್ತೇನೆ. ಅಮ್ಮನಿಗೆ ಆಯಿತು.

ಅಕ್ಕನಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಅಮ್ಮ ಹೋದ್ಮೇಲೆ ಈ ವಾರಾನೇ ನೋಡು, ಹೆದರದೆ ಊಟ ಮಾಡ್ತಿರೋದು" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ತಿಂದು ಎದ್ದು ಬಂದೆ. ಹೇಡಿ ನಾನು.

ನಾಳೆ ಅವಳು ಮಾತ್ರೆ ನುಂಗುವ ಮೊದಲೇ ಫೋನ್ ಮಾಡಬೇಕು. ಎರಡು ವಾರ ಕಳೆದ ಮೇಲೆ ಎಲ್ಲರಂತೆ ಸಾಲಿನಲ್ಲಿ ಬರಲಿ. ಗುರುತೇ ಇಲ್ಲದವರನ್ನು ಕೇಳುವ ಹಾಗೆ ಒಂದೊಂದನ್ನೂ ಕೇಳುತ್ತೇನೆ. ಅವಳ ಹೆಸರಿನಿಂದಲೇ ಶುರು ಮಾಡುತ್ತೇನೆ.